ಕಾರ್ಡಿನಲ್ಲಿ ಹತ್ತೊಂಬತ್ತು ಅಂತ ಬರೆಸಬಹುದಾ?

ಪ್ರಶ್ನೆ: ನನ್ನ ತಂಗಿಗೆ ಹದಿನೇಳು. ಹೋದ ವರ್ಷ ಮನೆಯವರು ಮದುವೆ ಮಾಡಿಬಿಟ್ಟರು. ಗಂಡ ಕಬ್ಬು ಕಡಿಯಲು ಹೋಗುತ್ತಾನೆ. ಈಗ ಅವಳಿಗೆ ಐದು ತಿಂಗಳು, ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಇನ್ನೂ ಮಾಡಿಸಿಲ್ಲ. ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆ, ಇಲ್ಲಾ ವಯಸ್ಸು ಹತ್ತೊಂಬತ್ತು ಅಂತ ಬರೆಸಿ ಎನ್ನುತ್ತಾರೆ ಅವಳ ಅತ್ತೆ. ಏನು ಮಾಡಲಿ?
– ಒಬ್ಬ ಅಕ್ಕ, ಮುಧೋಳ ತಾಲ್ಲೂಕು

ಉತ್ತರ: ಬರೆಸಬೇಡಿ. ನಾನೂ ಒಮ್ಮೆ ಹಾಗೆ ಬರೆದವಳೇ. ಜಮಖಂಡಿ ಕಡೆಯ ಹಳ್ಳಿಯೊಂದರಲ್ಲಿ ನರ್ಸ್ ಆಗಿದ್ದಾಗ ಒಬ್ಬ ತಾಯಿ ಸೆರಗೊಡ್ಡಿ ಅತ್ತಳು. ಹದಿನಾರರ ಹುಡುಗಿಗೆ ಹತ್ತೊಂಬತ್ತು ಅಂತ ಬರೆದುಕೊಟ್ಟೆ. ಕಾರ್ಡ್ ನೋಡಿದವರೆಲ್ಲ ಮಾಮೂಲಿ ಬಸುರಿ ಅಂದುಕೊಂಡರು. ಎಂಟನೇ ತಿಂಗಳಲ್ಲಿ ಬಳೆ ತೆಗೆಯಲಾಗದಷ್ಟು ಕೈ ಊದಿತ್ತು, ಬಿಪಿ ಏರಿತ್ತು, ಫಿಟ್ಸ್ ಬಂತು. ಸೋಪು ಹಚ್ಚಿ ಆ ಹಸಿರು ಬಳೆ ತೆಗೆದದ್ದು ನಾನೇ. ಹುಡುಗಿ ಉಳಿದಳು, ಕೂಸು ಉಳಿಯಲಿಲ್ಲ. ಚಿಕ್ಕ ವಯಸ್ಸಿನ ಬಸುರಿಗೆ ಬಿಪಿ, ರಕ್ತಹೀನತೆ ಎರಡರ ಭಯವೂ ಜಾಸ್ತಿ. ನಿಜವಾದ ವಯಸ್ಸು ಕಂಡರೆ ಡಾಕ್ಟರ್ ಹೆಚ್ಚು ಕಣ್ಣಿಡುತ್ತಾರೆ.

ಪೊಲೀಸರ ವಿಷಯದಲ್ಲಿ ಸುಮ್ನೆ ಸಮಾಧಾನ ಹೇಳಲಾರೆ. ಹದಿನೆಂಟು ತುಂಬದ ಹುಡುಗಿ ಬಸುರಿ ಎಂದು ಗೊತ್ತಾದರೆ ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ಆಸ್ಪತ್ರೆ ಪೊಲೀಸರಿಗೆ ತಿಳಿಸಲೇಬೇಕು. ಗಂಡನ ಮೇಲೆ ಕೇಸ್ ಆಗಬಹುದು. ಆದರೆ ಆ ಕಾರಣಕ್ಕೆ ಚಿಕಿತ್ಸೆ ಇಲ್ಲ ಎನ್ನುವಂತಿಲ್ಲ. ನಿಮ್ಮ ತಂಗಿಯ ಮೇಲೆ ಯಾವ ತಪ್ಪೂ ಬರುವುದಿಲ್ಲ. ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಆದಾಯ ಕೇಳುವುದಿಲ್ಲ. ಹುಟ್ಟುವ ಮಗುವಿನ ಬಗ್ಗೆಯೂ ಅಲ್ಲೇ ಕೇಳಿ. ಬಾಲ್ಯವಿವಾಹ ನಮ್ಮ ರಾಜ್ಯದಲ್ಲಿ ಊರ್ಜಿತವಲ್ಲ, ಮಗು ಮಾತ್ರ ಸಕ್ರಮವೇ.

ಖರ್ಚಿನ ಮಾತು ನೀವು ಎತ್ತಿಲ್ಲ, ಆದರೂ ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಆದರೂ, ಔಷಧಿ, ರಕ್ತ, ಊಟ ಎಲ್ಲಾ ಪುಕ್ಕಟೆ. ಹೋಗಲು 108 ಆಂಬುಲೆನ್ಸ್ ಇದೆ. ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಬಿಸಿಯೂಟ ಸಿಗುತ್ತದೆ. ಅನ್ನ, ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಚಿಕ್ಕಿಯನ್ನು ಮನೆಗೆ ತಂದು ಮೈದುನರಿಗೆ ಹಂಚಬೇಡ ಅಂತ ಅವಳಿಗೆ ಹೇಳಿ, ನಾನು ಕಣ್ಣಾರೆ ಕಂಡಿದ್ದೇನೆ! ಬಸುರಿಯರಿಗೆ ಕೇಂದ್ರ ಸರ್ಕಾರ ಕೊಡುವ ಮಾತೃ ವಂದನಾ ಯೋಜನೆಯ ದುಡ್ಡು ಮಾತ್ರ ಹದಿನೆಂಟು ತುಂಬದವರಿಗೆ ಬರುವುದಿಲ್ಲ, ಅದರ ಆಸೆಗೂ ವಯಸ್ಸು ತಿದ್ದಬೇಡಿ.

ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ 'ಅವಳು ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಒಂದರಲ್ಲೇ ಫೇಲ್' ಅಂತ ಬರೆದಿದ್ದೀರಿ. ಅದೊಂದನ್ನೇ ಬರೆದರಾಯಿತು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಸುತ್ತಾರೆ. ಮಗುವಿಗೆ ಮೂರು ತಿಂಗಳಾದ ಮೇಲೆ ಕೂರಲಿ, ಎತ್ತಿಕೊಳ್ಳಲು ನೀವು ಇದ್ದೀರಲ್ಲ.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ಅಲ್ಲಿಯವರೆಗೂ ಕಾಯಬೇಡಿ, ನಾಳೆಯೇ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಹೋಗಿ. ಅತ್ತೆಯನ್ನೂ ಬಿಡಬೇಡಿ. ಅವರ ಬಿಪಿಯನ್ನೂ ಒಮ್ಮೆ ನೋಡಿಸಿ.