ಎಂ.ಎ. ಪಾಸಾಯಿತು, ಪದವಿ ಪತ್ರ ತಾನಾಗಿ ಬರುತ್ತದಾ?

ಊರು ಕುಂಬಳೆ, ಎಂ.ಎ. ನಾಲ್ಕನೇ ಸೆಮಿಸ್ಟರಿನ ರಿಸಲ್ಟ್ ಬಂದಿದೆ, ಎಲ್ಲ ಪಾಸ್ ಎಂದು ಬರೆದಿದ್ದೀರಿ. ಇನ್ನು ಪದವಿ ಪತ್ರಕ್ಕೆ ಬೇರೆ ಅರ್ಜಿ ಹಾಕಬೇಕಾ, ಘಟಿಕೋತ್ಸವಕ್ಕೆ ಹೋಗಲೇಬೇಕಾ ಎಂದು ಕೇಳಿದ್ದೀರಿ. ಅರ್ಜಿ ಹಾಕಲೇಬೇಕು. ಘಟಿಕೋತ್ಸವಕ್ಕೆ ಹೋಗುವುದು ನಿಮ್ಮಿಷ್ಟ.

ನಾನು ಪೆರ್ಲ ಕಡೆಯವಳು. ಪಾಸಾಗುವುದು ಬೇರೆ, ಪದವಿ ಪಡೆಯುವುದು ಬೇರೆ ಎಂದು ಗೊತ್ತಿಲ್ಲದೆ ಒಂದು ವರ್ಷ ಕಳೆದುಕೊಂಡೆ. ಕೊನೆಯ ಮಾರ್ಕ್ಸ್ ಕಾರ್ಡ್ ಕೈಗೆ ಬಂದಾಗ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ನಿಮಗೆ ಹಾಗಾಗಬಾರದು ಅಂತ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ನೀವು ಎಲ್ಲಿ ಓದಿದ್ದೀರಿ ಎಂಬುದು ಮುಖ್ಯ. ಕೇರಳದ ಗಡಿಯಲ್ಲಿರುವ ನಮ್ಮ ಕಾಸರಗೋಡು ಕಡೆಯವರು ಸಾಮಾನ್ಯವಾಗಿ ಮೂರು ದಿಕ್ಕಿಗೆ ಹೋಗುತ್ತಾರೆ. ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಓದಿದರೆ ಪದವಿ ಕೊಡುವುದು ಕಣ್ಣೂರು ವಿಶ್ವವಿದ್ಯಾನಿಲಯ. ಪೆರಿಯದಲ್ಲಿ ಓದಿದರೆ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ. ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಹೆಚ್ಚಿನವರಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ. ಫಾರಂ ಬೇರೆ, ಫೀಸು ಬೇರೆ, ಕ್ರಮವೂ ಬೇರೆ. ಕರ್ನಾಟಕದ ಕಡೆ ಪದವಿ ಪತ್ರ ಸಾಮಾನ್ಯವಾಗಿ ಘಟಿಕೋತ್ಸವದ ಜೊತೆಗೇ ಬರುತ್ತದೆ. ಅದಕ್ಕೆ ಮೊದಲು ಪ್ರಕಟಣೆ ಹೊರಡಿಸುತ್ತಾರೆ, ಅರ್ಜಿಗೆ ಕೊನೆಯ ದಿನ ಎಂದು ಒಂದಿರುತ್ತದೆ. ಅದು ದಾಟಿದರೆ ಮುಂದಿನ ಘಟಿಕೋತ್ಸವದವರೆಗೆ ಕಾಯಬೇಕಾಗಬಹುದು. ಕೇರಳದ ರಾಜ್ಯ ವಿಶ್ವವಿದ್ಯಾನಿಲಯಗಳಲ್ಲಿ ಸಾಮಾನ್ಯವಾಗಿ ಘಟಿಕೋತ್ಸವಕ್ಕೆ ಕಾಯಬೇಕಾಗಿಲ್ಲ, ರಿಸಲ್ಟ್ ಆದ ಮೇಲೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ತರಿಸಿಕೊಳ್ಳಬಹುದು. ಹಾಗಾಗಿ ಕಣ್ಣೂರಿನಲ್ಲಿ ಓದಿದ ಗೆಳತಿ "ಯಾವಾಗ ಹಾಕಿದರೂ ಆಗುತ್ತದೆ" ಎಂದರೆ ಅದು ಅವಳಿಗೆ ಸರಿ, ನಿಮಗೆ ಸರಿ ಇರಬೇಕೆಂದಿಲ್ಲ.

180 ದಿನದ ಮಾತು ನೀವೂ ಕೇಳಿರಬಹುದು. ಅದು ಯುಜಿಸಿಯ, ಅಂದರೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ, 2008ರ ನಿಯಮ. ವಿದ್ಯಾರ್ಥಿ ಅರ್ಹತೆ ಪಡೆಯಬೇಕಾದ ದಿನದಿಂದ 180 ದಿನದೊಳಗೆ ಪದವಿ ಕೊಡಬೇಕು ಎಂದಿದೆ. ಆದರೆ ಆ ಗಡುವು ವಿಶ್ವವಿದ್ಯಾನಿಲಯಕ್ಕೆ. ಅದನ್ನು ನಂಬಿ ನಾವು ಅರ್ಜಿ ಹಾಕದೆ ಕೂತರೆ ಏನೂ ಬರುವುದಿಲ್ಲ.

ಈಗ ಹೆಸರಿನ ವಿಷಯ. ಗಡಿನಾಡಿನ ನಮಗೆ ಜಾಸ್ತಿ ಪೆಟ್ಟು ಬೀಳುವುದು ಇಲ್ಲೇ.

ನನ್ನ ಹೆಸರಿನ ಕೊನೆಗೆ ಶ್ರೀ ಉಂಟು. ಎಸ್ಸೆಸ್ಸೆಲ್ಸಿ ಕೇರಳದ್ದು. ಅದರ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಶ್ರೀ ಎನ್ನುವುದನ್ನು ಮಲಯಾಳಿಗಳು ಬರೆಯುವ ಹಾಗೆ ಎಸ್, ಆರ್, ಎರಡು ಇ ಎಂದು ಬರೆದಿದ್ದಾರೆ. ಪಿಯುಸಿಗೆ ಗಡಿ ದಾಟಿದ ಮೇಲೆ ಎಲ್ಲರೂ ಎಸ್ ಆದ ಮೇಲೆ ಎಚ್ ಹಾಕುತ್ತಿದ್ದರು, ನಾನೂ ಹಾಕಿದೆ. ಆಧಾರ್, ಡಿಗ್ರಿ, ಎಂ.ಎ., ಎಲ್ಲ ಕಡೆ ಎಚ್ ಬಂತು. ಏಳು ವರ್ಷ ಯಾರೂ ಕೇಳಲಿಲ್ಲ. ಪದವಿ ಪತ್ರದ ಅರ್ಜಿಗೆ ಎಸ್ಸೆಸ್ಸೆಲ್ಸಿ ಪುಸ್ತಕ ಸ್ಕ್ಯಾನ್ ಮಾಡುವಾಗ ಅಕ್ಷಯ ಕೇಂದ್ರದ (ಕೇರಳದಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಸೇವಾ ಕೇಂದ್ರ) ಹುಡುಗಿ ಕೈ ನಿಲ್ಲಿಸಿದಳು. "ಅಕ್ಕ, ಇದರಲ್ಲಿ ಎಚ್ ಇಲ್ಲ, ಅದರಲ್ಲಿ ಉಂಟು. ಯಾವುದು ಹಾಕಬೇಕು?" ಪುಸ್ತಕ ಒಂದು ಕೈಯಲ್ಲಿ, ಮಾರ್ಕ್ಸ್ ಕಾರ್ಡ್ ಇನ್ನೊಂದು ಕೈಯಲ್ಲಿ ಹಿಡಿದು ನಾನು ನೋಡುತ್ತಾ ನಿಂತೆ. ಒಂದೇ ಒಂದು ಅಕ್ಷರ.

ಸುಮ್ನೆ ಮಾರ್ಕ್ಸ್ ಕಾರ್ಡಿನ ಹಾಗೆ ಹಾಕಿ ಕಳಿಸಿದೆ. ಅರ್ಜಿ ತಿರುಗಿ ಬಂತು. ಎರಡು ಹೆಸರೂ ಒಬ್ಬರದ್ದೇ ಎಂದು ದಾಖಲೆ ಕೊಡಿ ಎಂದರು. ಕೇರಳದಲ್ಲಿ ಇದಕ್ಕೆ ವಿಲ್ಲೇಜ್ ಆಫೀಸಿನಿಂದ ಸಿಗುವ "ವನ್ ಆ್ಯಂಡ್ ಸೇಮ್" ಸರ್ಟಿಫಿಕೇಟ್ ಇದೆ. ಅಕ್ಷಯದಲ್ಲೇ ಇ-ಡಿಸ್ಟ್ರಿಕ್ಟ್ ಎಂಬ ಸರಕಾರಿ ವೆಬ್‌ಸೈಟಿನ ಮೂಲಕ ಅರ್ಜಿ ಹಾಕಬಹುದು. ನಾನು ಹಾಕಿದೆ, ಸಿಕ್ಕಿತು. ಆದರೆ ಅಷ್ಟರಲ್ಲಿ ಆ ವರ್ಷದ ಕೊನೆಯ ದಿನ ದಾಟಿತ್ತು. ಒಂದು ಲೆಕ್ಚರರ್ ಕೆಲಸಕ್ಕೆ ಪದವಿ ಪತ್ರ ಕೇಳಿದ್ದರು, ಅದು ಹೋಯಿತು. ಆ ರಾತ್ರಿ ತುಂಬ ಅತ್ತಿದ್ದೆ.

ಹಾಗಾಗಿ ಇವತ್ತೇ ಎಸ್ಸೆಸ್ಸೆಲ್ಸಿ ಪುಸ್ತಕ, ಡಿಗ್ರಿ ಸರ್ಟಿಫಿಕೇಟ್, ಎಂ.ಎ. ಮಾರ್ಕ್ಸ್ ಕಾರ್ಡ್, ಆಧಾರ್ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದೇ ಅಕ್ಷರ ಓದಿ. ಇನಿಶಿಯಲ್ ಮುಂದೆ ಉಂಟಾ, ಹಿಂದೆ ಉಂಟಾ, ಬಿಡಿಸಿ ಬರೆದಿದ್ದಾರಾ ನೋಡಿ. ಲತಾ, ಗೀತಾ, ಸವಿತಾ ಎಂಬ ಹೆಸರುಗಳಲ್ಲಿ ತ ಅಕ್ಷರಕ್ಕೆ ಒಂದು ಕಡೆ ಎಚ್ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ತಂದೆ ತಾಯಿಯ ಹೆಸರನ್ನೂ ಹೀಗೇ ನೋಡಿ. ಕರ್ನಾಟಕದ ಕೆಲವು ವಿಶ್ವವಿದ್ಯಾನಿಲಯಗಳ ಅರ್ಜಿಯಲ್ಲಿ ಹೆಸರನ್ನು ಕನ್ನಡದಲ್ಲೂ ಕೇಳುತ್ತಾರೆ. ಅಲ್ಲಿ ಇಂಗ್ಲಿಷಿನಿಂದ ತಾನಾಗಿ ಬಂದ ಕನ್ನಡವನ್ನು ಹಾಗೇ ಬಿಡಬೇಡಿ. ನನ್ನ ಶ್ರೀ ಅಲ್ಲಿ "ಸ್ರೀ" ಆಗಿತ್ತು. ಕನ್ನಡ ಎಂ.ಎ. ಮಾಡಿದವಳ ಪದವಿ ಪತ್ರದಲ್ಲಿ ಅವಳ ಹೆಸರೇ ತಪ್ಪಾಗಿ ಅಚ್ಚಾಗುವುದೆಂದರೆ ಹೇಗಿರುತ್ತದೆ! ಪುಣ್ಯಕ್ಕೆ ಸಬ್ಮಿಟ್ ಒತ್ತುವ ಮೊದಲು ಕಣ್ಣಿಗೆ ಬಿತ್ತು.

ಹೆಸರಾದ ಮೇಲೆ ಕ್ರೆಡಿಟ್. ಬೇರೆ ವಿಭಾಗದಿಂದ ತೆಗೆದುಕೊಂಡ ಇಲೆಕ್ಟಿವ್ ಪೇಪರ್ ಇರುತ್ತದಲ್ಲ, ಅದರ ಅಂಕ ಸೇರಿದೆಯಾ ನೋಡಿ. ನನ್ನ ಸಹಪಾಠಿಯೊಬ್ಬಳಿಗೆ ಮೂರನೇ ಸೆಮಿಸ್ಟರಿನ ಆ ಪೇಪರಿನಲ್ಲಿ ಗೈರು ಎಂದಿತ್ತು. ಅವಳು ಪರೀಕ್ಷೆ ಬರೆದಿದ್ದಳು. ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಹೋಗಿ ಸರಿಮಾಡಿಸಿಕೊಂಡಳು. ರಿವ್ಯಾಲ್ಯುವೇಶನ್‌ಗೆ ಹಾಕಿದ್ದರೆ ಅದರ ರಿಸಲ್ಟ್ ಬಂದ ಮೇಲೆ ಅರ್ಜಿ ಹಾಕಿ. ಲೈಬ್ರರಿ, ಹಾಸ್ಟೆಲ್ ಬಾಕಿ ಏನಿದ್ದರೂ ಮೊದಲೇ ತೀರಿಸಿ.

ಈ ನಡುವೆ ಪಿಎಚ್.ಡಿ.ಗೋ ಕೆಲಸಕ್ಕೋ ಬೇಕಿದ್ದರೆ ಪ್ರೊವಿಷನಲ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಹೆಚ್ಚಿನ ಕಡೆ ನಡೆಯುತ್ತದೆ. ಆದರೆ ಅದು ಕೈಯಲ್ಲಿದೆ ಎಂದು ಪದವಿ ಪತ್ರದ ಅರ್ಜಿಯನ್ನು ಮುಂದೆ ಹಾಕಬೇಡಿ. ನಮ್ಮಲ್ಲಿ ಮನೆಗೊಬ್ಬರಾದರೂ ಗಲ್ಫಿನಲ್ಲಿ ಇರುತ್ತಾರೆ, ನಾಳೆ ನಿಮಗೂ ಹೋಗುವ ಯೋಗ ಬರಬಹುದು. ಅಲ್ಲಿಗೆ ಅಟೆಸ್ಟೇಶನ್, ಅಂದರೆ ಪತ್ರದ ಸರಕಾರಿ ದೃಢೀಕರಣ, ಮಾಡಿಸಲು ಮೂಲ ಪದವಿ ಪತ್ರವೇ ಬೇಕು. ರಾಜ್ಯ ಮಟ್ಟದ ದೃಢೀಕರಣ ಆಗುವುದು ಪತ್ರ ಕೊಟ್ಟ ರಾಜ್ಯದಲ್ಲಿ, ನೀವು ವಾಸವಿರುವ ರಾಜ್ಯದಲ್ಲಿ ಅಲ್ಲ. ಕೊಣಾಜೆಯ ಪತ್ರ ಹಿಡಿದು ಕೋಝಿಕ್ಕೋಡಿನ ನೋರ್ಕಾ (ಕೇರಳ ಸರಕಾರದ ಅನಿವಾಸಿಗಳ ಸಂಸ್ಥೆ) ಆಫೀಸಿಗೆ ಹೋದರೆ ಕರ್ನಾಟಕದ ಮುದ್ರೆ ಬೀಳುವುದಿಲ್ಲ. ಕೇರಳ ಪಿಎಸ್‌ಸಿಗೆ ಹಾಕುವ ಯೋಚನೆ ಇದ್ದರೆ, ಹೊರ ರಾಜ್ಯದ ಪದವಿಗೆ ತತ್ಸಮಾನತೆಯ ಕಾಗದ ಕೇಳುವುದುಂಟು. ಆ ಹುದ್ದೆಯ ಪ್ರಕಟಣೆ ಓದಿಕೊಳ್ಳಿ.

ಇನ್ನು ಘಟಿಕೋತ್ಸವ. ಬರುವುದಿಲ್ಲ ಎಂದಾದರೆ ಅರ್ಜಿಯಲ್ಲಿ "ಇನ್ ಆಬ್ಸೆನ್ಷಿಯಾ" ಎಂದು ಗುರುತು ಹಾಕಬೇಕು, ಪತ್ರ ಅಂಚೆಯಲ್ಲಿ ಬರುತ್ತದೆ. ಪದವಿಯ ಬೆಲೆ ಏನೂ ಕಡಿಮೆಯಾಗುವುದಿಲ್ಲ. ಆದರೆ ಸಾಧ್ಯವಾದರೆ ಹೋಗಿ ಎಂದೇ ನಾನು ಹೇಳುತ್ತೇನೆ. ಮರುವರ್ಷ ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಮ್ಮ ಐದನೇ ಕ್ಲಾಸಿನವರೆಗೆ ಕನ್ನಡ ಓದಿದವರು. ಬಸ್ಸಿನಲ್ಲಿ ಪತ್ರವನ್ನು ಮಡಿಲಲ್ಲಿ ಇಟ್ಟುಕೊಂಡು, ವಿಟ್ಲ ಬರುವವರೆಗೂ ಅದರ ಮೇಲೆ ಕೈ ಇಟ್ಟೇ ಕೂತಿದ್ದರು.

ಅಂಚೆಗೆ ಹಾಕಿಸುವುದಾದರೆ ವಿಳಾಸದಲ್ಲಿ ಮನೆ ಹೆಸರು, ಪೋಸ್ಟ್, ಪಿನ್ ಕೋಡ್, ಫೋನ್ ನಂಬರ್ ಎಲ್ಲ ಬರೆಯಿರಿ. ಹಗಲು ಮನೆಯಲ್ಲಿ ಯಾರಾದರೂ ಇರುವ ವಿಳಾಸವನ್ನೇ ಕೊಡಿ. ಸಹಪಾಠಿಯೊಬ್ಬಳು ಮದುವೆಯಾಗಿ ಪುತ್ತೂರಿಗೆ ಹೋಗಿದ್ದಳು, ಪತ್ರ ಬೀಗ ಹಾಕಿದ ತವರು ಮನೆಗೆ ಬಂದು ವಾಪಸ್ ಹೋಯಿತು.

ನೀವು ಯಾವ ವಿಶ್ವವಿದ್ಯಾನಿಲಯದಲ್ಲಿ ಓದಿದ್ದು ಎಂದು ಬರೆದಿಲ್ಲ. ಕೊಣಾಜೆಯಾದರೆ ಪ್ರಕಟಣೆ ಬಂದಿದೆಯಾ ಎಂದು ವೆಬ್‌ಸೈಟಿನಲ್ಲಿ ಮೊದಲು ನೋಡಿ, ಹೆಸರಿನ ಕೆಲಸವನ್ನು ಅದಕ್ಕೆ ಕಾಯದೆ ಈ ವಾರವೇ ಶುರು ಮಾಡಿ.