'ಎಲ್ಲೋ ಕುದುರೆ?' ಅಂದರಲ್ಲ, ಅಲ್ಲಿಂದ ಶುರು ಮಾಡಿ

ನಮಸ್ಕಾರ.

ಇಂಗ್ಲೆಂಡಿನ ಅಫಿಂಗ್‌ಟನ್ ಬಳಿಯ ಬೆಟ್ಟದ ಇಳಿಜಾರಿನಲ್ಲಿ ಕೊರೆದಿರುವ ದೊಡ್ಡ ಬಿಳಿ ಕುದುರೆಯ ಚಿತ್ರ ನೋಡಲು ಹೋದ ಬಗ್ಗೆ ನೀವು ಕಳಿಸಿದ 'ಬಿಳಿ ಕುದುರೆಯ ಬೆಟ್ಟದಲ್ಲಿ ಒಂದು ದಿನ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. 'ಸ್ಥಳಾಭಾವ' ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಮನಸ್ಸಾಗಲಿಲ್ಲ. ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ, ಅದರ ಮೇಲೆ ನೀವೇ ಮಣ್ಣು ಎಳೆದಿದ್ದೀರಿ. ಅದಕ್ಕೇ ಇಷ್ಟುದ್ದ ಪತ್ರ.

ಮೊದಲ ಎರಡು ಪುಟ ಪೂರ್ತಿ ದಾರಿಯಲ್ಲೇ ಕಳೆದಿದೆ. ರೆಡಿಂಗ್‌ನ ಮನೆ ಬಿಟ್ಟಿದ್ದು, ಮೋಟಾರ್‌ವೇಯಲ್ಲಿ ಟ್ರಾಫಿಕ್ ಸಿಕ್ಕಿದ್ದು, ಪಾರ್ಕಿಂಗ್ ಮೆಷಿನ್ ಕಾರ್ಡ್ ತಗೊಳ್ಳದೇ ಇದ್ದಿದ್ದು. ಇದೆಲ್ಲ ನಮ್ಮ ಓದುಗರಿಗೂ ದಿನಾ ಆಗುತ್ತದೆ. ಡಬ್ಬಿಯಲ್ಲಿದ್ದ ಚಿತ್ರಾನ್ನ ಬೇಕಾದರೆ ಇರಲಿ. ಉಳಿದದ್ದು ತೆಗೆಯಿರಿ.

ಮೂರನೇ ಪುಟದಲ್ಲಿ ಕೊನೆಗೂ ಬೆಟ್ಟ ಹತ್ತುತ್ತೀರಿ. ತಿಪಟೂರಿನಿಂದ ಬಂದಿರುವ ನಿಮ್ಮ ತಂದೆ ಸುತ್ತ ನೋಡಿ ಕೇಳುತ್ತಾರೆ: "ಎಲ್ಲೋ ಕುದುರೆ? ಯಾರೋ ಸುಣ್ಣ ಚೆಲ್ಕೊಂಡು ಹೋಗಿರೋ ಕಾಲುದಾರಿ ಇದ್ದಂಗಿದೆ." ನೀವು ಬರೆಯುತ್ತೀರಿ: "ಅಪ್ಪನ ಮುಗ್ಧ ಮಾತಿಗೆ ಎಲ್ಲರೂ ನಕ್ಕೆವು." ಮುಂದಿನ ಸಾಲಿಗೇ "ಈ ಐತಿಹಾಸಿಕ ತಾಣವು ಆಕ್ಸ್‌ಫರ್ಡ್‌ಶೈರ್ ಜಿಲ್ಲೆಯ ಅಫಿಂಗ್‌ಟನ್ ಗ್ರಾಮದ ಬಳಿ ಇದ್ದು..." ಅಂತ ಶುರು. ಅಲ್ಲಿ ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಅದು ಮುಗ್ಧ ಮಾತಲ್ಲ ಸ್ವಾಮಿ. ಅವತ್ತು ಆ ಬೆಟ್ಟದ ಮೇಲೆ ಸರಿಯಾಗಿ ಕಣ್ಣುಬಿಟ್ಟು ನೋಡಿದವರು ಅವರೊಬ್ಬರೇ. ಕುದುರೆ ಸುಮಾರು 110 ಮೀಟರ್ ಉದ್ದ ಇದೆ, ಇಳಿಜಾರಿಗೆ ಅಂಗಾತ ಮಲಗಿದೆ. ಪಕ್ಕದಲ್ಲಿ ನಿಂತರೆ ಕಾಣುವುದು ಹುಲ್ಲಿನ ನಡುವೆ ಬಾಗಿ ಹೋಗುವ ಒಂದು ಬಿಳಿ ಪಟ್ಟಿ, ಅಷ್ಟೇ. ಕೆಳಗಿನ ಬಯಲಿನ ಲಾಂಗ್‌ಕಾಟ್, ಫರ್ನ್‌ಹ್ಯಾಮ್ ಹಳ್ಳಿಗಳ ಕಡೆಯಿಂದ ನೋಡಿದರೆ ಕುದುರೆ ಅಂತ ಗೊತ್ತಾಗುತ್ತದೆ. ಪೂರ್ತಿ ಕಾಣಬೇಕಾದರೆ ಆಕಾಶದಲ್ಲೇ ಇರಬೇಕು. ಇಷ್ಟು ದೂರ ಕಾರು ಓಡಿಸಿಕೊಂಡು ಬಂದು, ಬೆಟ್ಟ ಹತ್ತಿ, ಕುದುರೆಯ ಪಕ್ಕದಲ್ಲೇ ನಿಂತು, ಕುದುರೆ ಕಾಣಲಿಲ್ಲ! ನಿಮ್ಮ ಲೇಖನ ಇದೇ. ಮೊದಲ ಸಾಲಿಗೆ ತನ್ನಿ.

ಹಾಗೆ ಶುರು ಮಾಡಿದರೆ ಆಮೇಲೆ ಕುದುರೆಯನ್ನು ನೀವೇ ಓದುಗರಿಗೆ ಬಿಡಿಸಿ ತೋರಿಸಬೇಕಾಗುತ್ತದೆ. ಈಗ ಆ ಕೆಲಸವನ್ನೇ ಮಾಡಿಲ್ಲ. ಎಂಟು ಪುಟದಲ್ಲಿ 'ರೋಮಾಂಚನ' ನಾಲ್ಕು ಸಲ, 'ನಯನಮನೋಹರ' ಮೂರು ಸಲ ಬಂದಿದೆ. ಕುದುರೆ ಹೇಗಿದೆ ಅಂತ ಒಂದು ಸಾಲೂ ಇಲ್ಲ. ಒಂದು ಕಡೆ "ವರ್ಣಿಸಲು ಪದಗಳೇ ಸಾಲದು" ಅಂದಿದ್ದೀರಿ. ಸಾಲದಿದ್ದರೆ ಬರೆಯಲು ಯಾಕೆ ಕೂತಿರಿ ಅಂತ ಓದುಗರು ಕೇಳುವುದಿಲ್ಲವೇ? ನಾನು ಆ ಬೆಟ್ಟಕ್ಕೆ ಹೋಗಿಲ್ಲ, ಮೇಲಿನಿಂದ ತೆಗೆದ ಫೋಟೊ ನೋಡಿದ್ದೇನೆ. ಬೆನ್ನು ಒಂದೇ ಎಳೆತದ ಗೆರೆ, ಅದೇ ಮುಂದುವರಿದು ಬಾಲ. ನಾಲ್ಕು ಕಾಲಲ್ಲಿ ಎರಡು ಮೈಗೆ ಅಂಟಿಕೊಂಡೇ ಇಲ್ಲ, ಬೇರೆಯಾಗಿ ನಿಂತಿವೆ. ಬಾಯಿ ಹಕ್ಕಿಯ ಕೊಕ್ಕಿನ ಹಾಗೆ. ಕಣ್ಣು ಒಂದು ಚುಕ್ಕೆ. ಇದು ಕುದುರೆಯೇ ಅಲ್ಲ, ನಾಯಿ ಎನ್ನುವವರೂ ಇದ್ದಾರೆ. ಬೆಂಗಳೂರಿನಲ್ಲಿ ಕೂತ ನನಗೆ ಇಷ್ಟು ಸಿಕ್ಕರೆ, ಅಲ್ಲೇ ನಿಂತಿದ್ದ ನಿಮಗೆ ಇನ್ನೂ ಜಾಸ್ತಿ ಸಿಗಬೇಕು.

ಇನ್ನು 'ಇಂಗ್ಲೆಂಡಿನ ರಂಗೋಲಿ' ಎಂಬ ಹೋಲಿಕೆ. ಬೇಡ. ರಂಗೋಲಿ ನೆಲದ ಮೇಲೆ ಇರುತ್ತದೆ, ಸಂಜೆಯೊಳಗೆ ಗಾಳಿಗೆ ಹೋಗುತ್ತದೆ. ಇಲ್ಲಿ ಮೀಟರ್‌ನಷ್ಟು ಆಳದವರೆಗೆ ಕಾಲುವೆ ತೋಡಿ ಸೀಮೆಸುಣ್ಣದ ಕಲ್ಲು ಜಜ್ಜಿ ತುಂಬಿದ್ದಾರೆ. ಮನೆಗೆ ಪಾಯ ತೆಗೆದ ಹಾಗೆ. ಬಿಳಿ ಕಂಡಿದ್ದೆಲ್ಲ ರಂಗೋಲಿ ಆಗುವುದಿಲ್ಲ.

ಈ ಕಲ್ಲಿಗೆ ನೀವು ಉದ್ದಕ್ಕೂ 'ಶ್ವೇತ ಸುಣ್ಣಶಿಲೆ' ಅಂತ ಬರೆದಿದ್ದೀರಿ. ನಮ್ಮಲ್ಲಿ ಸೀಮೆಸುಣ್ಣ ಅಂತ ಚೆನ್ನಾಗಿರುವ ಮಾತೇ ಇದೆಯಲ್ಲ. ಸೀಮೆಎಣ್ಣೆ, ಸೀಮೆಹಸು ಇದ್ದ ಹಾಗೆ. ಹೊರಗಿನಿಂದ ಬಂದದ್ದಕ್ಕೆಲ್ಲ 'ಸೀಮೆ' ಹಚ್ಚಿದರು ನಮ್ಮ ಹಿರಿಯರು. ನೀವು ನಿಂತಿದ್ದು ಆ ಸುಣ್ಣದ ಸೀಮೆಯಲ್ಲೇ! ಹಾಗೆಯೇ ಕುದುರೆಯ ಕೆಳಗಿನ ಕಣಿವೆ. 'ದಿ ಮ್ಯಾಂಜರ್ ಎಂದು ಕರೆಯಲ್ಪಡುವ ಕಣಿವೆ' ಅಂತ ಯಾಕೆ? ಗೋದಲಿ ಅನ್ನಿ. ಕುದುರೆ ರಾತ್ರಿ ಇಳಿದು ಬಂದು ಅಲ್ಲಿ ಮೇಯುತ್ತದೆ ಎಂಬ ಕತೆ ಇದೆ. ಗೋದಲಿ ಅಂದ ಕೂಡಲೇ ಆ ಕತೆ ಅರ್ಧ ಹೇಳಿದ ಹಾಗಾಯಿತು.

ತಪ್ಪುಗಳ ಬಗ್ಗೆ ಸ್ವಲ್ಪ. ಇಂಗ್ಲೆಂಡಿನ ಹಳೆಯ ರಾಜ ಆಲ್ಫ್ರೆಡ್ 871ರಲ್ಲಿ ದಂಡೆತ್ತಿ ಬಂದ ಡೇನರನ್ನು ಗೆದ್ದ ನೆನಪಿಗೆ ಇದನ್ನು ಕೊರೆಸಿದ ಅಂತ ಖಡಾಖಂಡಿತವಾಗಿ ಬರೆದಿದ್ದೀರಿ. ಎರಡು ಪ್ಯಾರಾ ಕೆಳಗೆ "ಮೂರು ಸಾವಿರ ವರ್ಷ ಹಳೆಯದು" ಅಂದಿದ್ದೀರಿ. ಎರಡೂ ನಿಜ ಆಗಲು ಸಾಧ್ಯವಿಲ್ಲ, ಅಲ್ವಾ? 1990ರಲ್ಲಿ ಅಲ್ಲಿ ಅಗೆದರು. ಅಡಿಯಲ್ಲಿದ್ದ ಮಣ್ಣಿನ ಕಣಗಳು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಅಂತ ಅಳೆದರು. ಬಂದ ಉತ್ತರ ಕ್ರಿಸ್ತಪೂರ್ವ 1380ರಿಂದ 550ರ ನಡುವೆ. ಆಲ್ಫ್ರೆಡ್ ಹುಟ್ಟುವ ಹೊತ್ತಿಗೆ ಕುದುರೆ ಮುದಿಯಾಗಿತ್ತು. ರಾಜನ ಕತೆಯನ್ನು ಬಿಡಬೇಡಿ, ಜನ ಹೇಳುವ ಕತೆ ಅಂತ ಹೇಳಿ. ಹೀಗೆಯೇ ಬೆಟ್ಟದ ಮೇಲೆ ಬಿಡಿಸಿದ ಡಾರ್ಸೆಟ್‌ನ ಸರ್ನ್ ಅಬಾಸ್ ದೈತ್ಯ, ಸಸೆಕ್ಸ್‌ನ ವಿಲ್ಮಿಂಗ್‌ಟನ್‌ನ ಉದ್ದ ಮನುಷ್ಯ, ಇವರನ್ನೂ "ಅಷ್ಟೇ ಪ್ರಾಚೀನ" ಅಂದಿದ್ದೀರಿ. ದೈತ್ಯ ಕ್ರಿಸ್ತಶಕ 700ರಿಂದ 1100ರೊಳಗಿನವನು ಅಂತ 2021ರಲ್ಲಿ ಗೊತ್ತಾಯಿತು. ಉದ್ದ ಮನುಷ್ಯ 16-17ನೇ ಶತಮಾನದವನು. ಕುದುರೆಯ ಮುಂದೆ ಇಬ್ಬರೂ ಮೊಮ್ಮಕ್ಕಳು. ಹತ್ತಿರದಲ್ಲೇ ಇರುವ ಕಲ್ಲಿನ ಹಳೇ ಸಮಾಧಿ, ವೇಲ್ಯಾಂಡ್ ಕಮ್ಮಾರನ ಗೋರಿಗೆ ಒಂದು ಪುಟ ಕೊಟ್ಟಿದ್ದೀರಿ. ಅದು ಬೇರೆ ಲೇಖನ, ಇನ್ನೊಮ್ಮೆ ಬರೆಯಿರಿ.

ಕುದುರೆಯ ಕಣ್ಣಿನ ಮೇಲೆ ನಿಂತು ಮೂರು ಸುತ್ತು ಸುತ್ತಿ ಹರಕೆ ಹೊತ್ತೆವು ಅಂದಿದ್ದೀರಿ. ಹಳೇ ನಂಬಿಕೆ, ನಿಜ. ಆದರೆ ಈಗ ಕುದುರೆಯನ್ನು ತುಳಿಯಬೇಡಿ ಅಂತಲೇ ಹೇಳುತ್ತಾರೆ. ತುಳಿದಿದ್ದೀರಿ, ಸರಿ, ಆಮೇಲೆ ಬೋರ್ಡ್ ಓದಿ ಹೇಗನ್ನಿಸಿತು ಅಂತ ಬರೆಯಿರಿ. ಓದುಗರಿಗೆ ಟಿಪ್ಸ್ ಕೊಟ್ಟ ಹಾಗೆ ಮಾತ್ರ ಬರೆಯಬೇಡಿ.

ಈಗ ನನಗೆ ತುಂಬಾ ಹಿಡಿಸಿದ ಭಾಗಕ್ಕೆ ಬರುತ್ತೇನೆ. ಆರನೇ ಪುಟದಲ್ಲಿ ಐದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಬೆಟ್ಟವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯವರು ಬೇಸಿಗೆಯಲ್ಲಿ ಜನರನ್ನು ಕರೆದು ಕುದುರೆಗೆ ಹೊಸ ಸೀಮೆಸುಣ್ಣ ಹಾಕಿಸುತ್ತಾರೆ, ಅವತ್ತು ನೀವೂ ಅಪ್ಪನೂ ಹೋಗಿದ್ದಿರಿ. ಮಂಡಿಯೂರಿ ಕೂತು, ಬಕೆಟ್‌ನಿಂದ ಸುರಿದ ಕಲ್ಲನ್ನು ಸುತ್ತಿಗೆಯಿಂದ ಜಜ್ಜಿದಿರಿ. ಹಾಗೆ ಮಾಡದಿದ್ದರೆ ಹುಲ್ಲು ಎರಡೂ ಕಡೆಯಿಂದ ಹಬ್ಬಿ ಕುದುರೆಯನ್ನು ನುಂಗಿಬಿಡುತ್ತದೆ. ಮೂರು ಸಾವಿರ ವರ್ಷದಿಂದ ಯಾರೋ ಒಬ್ಬರು ಆ ಕೆಲಸಕ್ಕೆ ಬರುತ್ತಲೇ ಇದ್ದಾರೆ, ಮಾಡಿಸಿದವರ ದೇವರು ಯಾರು ಅಂತ ಗೊತ್ತಿಲ್ಲದೆಯೂ. ಹಿಂದೆ ಇದಕ್ಕೆ ಜಾತ್ರೆಯೇ ಆಗುತ್ತಿತ್ತು. ಗೋದಲಿಯ ಇಳಿಜಾರಿನಲ್ಲಿ ಚೀಸ್ ಗಾಲಿ ಉರುಳಿಸಿ ಅದರ ಹಿಂದೆ ಓಡುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳಿಗೆ ಗುರುತಾಗಬಾರದು ಅಂತ ಕುದುರೆಯನ್ನೇ ಮುಚ್ಚಿಟ್ಟಿದ್ದರು. ಇದನ್ನು ನೀವು ಕಂಸದೊಳಗೆ ಹಾಕಿದ್ದೀರಿ! ಹೊರಗೆ ತನ್ನಿ.

ಆ ಐದು ಸಾಲು ಎರಡು ಪುಟ ಆಗಬೇಕು. ಕಲ್ಲು ಎಷ್ಟು ಹೊತ್ತಿಗೆ ಹಿಟ್ಟಾಯಿತು? ಮಂಡಿ ನೋವಾಯಿತಾ? ಪಕ್ಕದಲ್ಲಿ ಯಾರಿದ್ದರು? ಅಪ್ಪ ಅವರ ಜೊತೆ ಯಾವ ಭಾಷೆಯಲ್ಲಿ ಮಾತಾಡಿದರು? ನೀವು ಜಜ್ಜಿದ್ದು ಕುದುರೆಯ ಯಾವ ಭಾಗ? ಕಾಲೋ, ಬಾಲವೋ?

ಮತ್ತೊಂದು. ಲೇಖಕರ ಪರಿಚಯದಲ್ಲಿ 'ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರ ಮಗ' ಅಂತ ಇದೆ. ಅಂದರೆ ಅಪ್ಪ ಮೇಷ್ಟ್ರು. ಇದು ಲೇಖನದಲ್ಲಿ ಎಲ್ಲೂ ಇಲ್ಲ. ಜೀವಮಾನವೆಲ್ಲ ಸೀಮೆಸುಣ್ಣ ಹಿಡಿದ ಕೈ ಅದು. ಒಂದು ಕಡೆ ಮೇಷ್ಟ್ರು ಅಂತ ಹೇಳಿ ಸುಮ್ನಿದ್ದುಬಿಡಿ. 'ವಿಧಿಯ ಆಟ ನೋಡಿ, ಮತ್ತೆ ಸೀಮೆಸುಣ್ಣ' ಅಂತೆಲ್ಲ ಬರೆದು ಕೆಡಿಸಬೇಡಿ. ಓದುಗರು ದಡ್ಡರಲ್ಲ.

ಅಂತರ್ಜಾಲದಿಂದ ತೆಗೆದ ಆಕಾಶದ ಚಿತ್ರ ಬೇಡ, ಹಕ್ಕಿನ ತಕರಾರು ಬರುತ್ತದೆ. ನೀವು ತೆಗೆದ ಎರಡನೇ ಫೋಟೊ, ಹುಲ್ಲು ಮತ್ತು ಬಿಳಿ ಪಟ್ಟಿಯ ತುದಿ ಮಾತ್ರ ಇರುವುದು, ಅದೇ ಸಾಕು. ಸಾವಿರದ ಇನ್ನೂರು ಪದದೊಳಗೆ ಬರೆದು ಕಳಿಸಿ. ಅವಸರ ಇಲ್ಲ.

ಹಾಂ, ಕೊನೆಗೆ ಅಪ್ಪನಿಗೆ ಕುದುರೆ ಕಾಣಿಸಿತಾ? ವಾಪಸ್ ಬರುವಾಗ ಲಾಂಗ್‌ಕಾಟ್ ಕಡೆಯಿಂದ ಬಂದೆವು ಅಂತ ಬರೆದಿದ್ದೀರಿ. ಕಾರು ನಿಲ್ಲಿಸಿದಿರೋ ಇಲ್ಲವೋ ಬರೆದಿಲ್ಲ.

ಇಂತಿ,
ಸಂಪಾದಕ