ನೌಕಾಪಡೆಯಲ್ಲಿದ್ದು ಊರಿಗೆ ಬಂದು ಬೇಸಾಯ ಮಾಡಿದ ಅಜ್ಜನ ಬದುಕನ್ನು ಬರೆಯಲು ದಾಖಲೆ ಎಲ್ಲಿ ಸಿಗುತ್ತದೆ?

ನೀವು ಬರೆದಿದ್ದು ಇಷ್ಟು: ಅಜ್ಜ ಅರವತ್ತರ ದಶಕದಲ್ಲಿ ನೌಕಾಪಡೆ ಸೇರಿದರು, 1971ರ ಯುದ್ಧದಲ್ಲಿದ್ದರು, ಆಮೇಲೆ ಊರಿಗೆ ಬಂದು ಕೊನೆತನಕ ಹೊಲ ನೋಡಿಕೊಂಡರು. ಈಗ ಮನೆಯಲ್ಲಿರುವುದು ಎರಡು ಪದಕ, ಒಂದು ಫೋಟೋ, ಒಂದು ಕಟ್ಟು ಹಳೇ ಕಾಗದ. ಪಿಂಚಣಿ ಬರುತ್ತಿರಲಿಲ್ಲ, ಹಾಗಾಗಿ ಯುದ್ಧದ ಮಾತೇ ನಿಜವೋ ಅಲ್ಲವೋ ಎಂದು ನೆಂಟರಲ್ಲೇ ಕೆಲವರಿಗೆ ಅನುಮಾನ.

ಆ ಅನುಮಾನವನ್ನು ಮೊದಲು ಪಕ್ಕಕ್ಕಿಡಿ. ಆಗ ನಾವಿಕರನ್ನು ಮೊದಲಿಗೆ 10 ವರ್ಷದ ಕರಾರಿಗೆ ತೆಗೆದುಕೊಳ್ಳುತ್ತಿದ್ದರು. ಸೇವಾ ಪಿಂಚಣಿಗೆ ಬೇಕಿದ್ದದ್ದು 15 ವರ್ಷ. ಹತ್ತು ಮುಗಿಸಿ ಊರಿನ ಬಸ್ಸು ಹತ್ತಿದ ಎಷ್ಟೋ ಜನರಿಗೆ ತಿಂಗಳ ಪಿಂಚಣಿ ಬರಲೇ ಇಲ್ಲ. ಪಿಂಚಣಿ ಇಲ್ಲದಿದ್ದರೆ ಬೇಸಾಯವೇ ಗತಿ, ಆದ್ದರಿಂದ ಅವರ ಕಥೆಯ ಅರ್ಧ ಮುಂಬೈಯಲ್ಲಿರುವ ನೌಕಾಪಡೆಯ ಕಡತದಲ್ಲಿದ್ದರೆ ಇನ್ನರ್ಧ ನಿಮ್ಮ ತಾಲ್ಲೂಕು ಕಚೇರಿಯಲ್ಲಿದೆ. ಎರಡನ್ನೂ ತರಿಸಿ ತಾರೀಖು ತಾರೀಖಿಗೆ ಜೋಡಿಸುವುದೇ ಕೆಲಸ.

ಪದಕದಿಂದ ಶುರು ಮಾಡಿ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಸೇವಾ ಸಂಖ್ಯೆ, ಹುದ್ದೆ, ಹೆಸರು ಅಂಚಿನ ಮೇಲೋ ಹಿಂಬದಿಯಲ್ಲೋ ಸಣ್ಣಕ್ಷರದಲ್ಲಿರುತ್ತವೆ. ಹೊಳಪಿನ ಆಸೆಗೆ ಅಳಿದುಹೋಗುವುದು ಅವೇ. ಒಣಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಓದಿ. ಕಾಣದಿದ್ದರೆ ತೆಳು ಕಾಗದ ಸುತ್ತಿ ಪೆನ್ಸಿಲ್ ಉಜ್ಜಿ. ಸಂಖ್ಯೆಯ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರಬಹುದು, ಅದನ್ನೂ ಬರೆದುಕೊಳ್ಳಿ.

ಯಾವ ಪದಕ ಎನ್ನುವುದೂ ಮುಖ್ಯ. ಪಶ್ಚಿಮಿ ಸ್ಟಾರ್ ಇದ್ದರೆ 1971ರಲ್ಲಿ ಪಶ್ಚಿಮದ ರಣರಂಗದಲ್ಲಿದ್ದರು, ಪೂರ್ವಿ ಸ್ಟಾರ್ ಇದ್ದರೆ ಬಂಗಾಳ ಕೊಲ್ಲಿಯ ಕಡೆ. ಸಂಗ್ರಾಮ್ ಮೆಡಲ್ ಆ ಯುದ್ಧಕಾಲದಲ್ಲಿ ಸೇವೆಯಲ್ಲಿದ್ದವರಿಗೆ ವ್ಯಾಪಕವಾಗಿ ಕೊಟ್ಟದ್ದು, ಅದೊಂದರಿಂದಲೇ ಅವರು ಮುಂಚೂಣಿಯಲ್ಲಿದ್ದರೆಂದು ಬರೆಯಲಾಗದು. 1965ರ ಯುದ್ಧದ್ದು ಸಮರ ಸೇವಾ ಸ್ಟಾರ್. ಸ್ವಾತಂತ್ರ್ಯದ 25ನೇ ವರ್ಷದ ಪದಕ ಸಿಕ್ಕರೆ 1972ರ ಆಗಸ್ಟ್‌ನಲ್ಲಿ ಇನ್ನೂ ಸಮವಸ್ತ್ರದಲ್ಲಿದ್ದರು ಎಂದು ಗಟ್ಟಿಯಾಯಿತು.

ಫೋಟೋದಲ್ಲಿ ಎಡತೋಳಿನ ಮೇಲೆ ‘ವಿ’ ಆಕಾರದ ಪಟ್ಟಿಗಳಿದ್ದರೆ ‘ಅಜ್ಜ ಹವಾಲ್ದಾರ್ ಆಗಿದ್ದರು’ ಎಂದು ಬರೆದುಬಿಡಬೇಡಿ. ಭೂಸೇನೆಯಲ್ಲಿ ಅದು ಹುದ್ದೆ, ನೌಕಾಪಡೆಯಲ್ಲಿ ಸನ್ನಡತೆಯ ಪಟ್ಟಿ. ಹುದ್ದೆ ನೋಡಬೇಕಾದ್ದು ಲಂಗರಿನ ಗುರುತಿನಲ್ಲಿ.

ಕಾಗದದ ಕಟ್ಟಿನಲ್ಲಿ ಬಿಡುಗಡೆ ಪತ್ರ, ಅಂದರೆ ಡಿಸ್ಚಾರ್ಜ್ ಸರ್ಟಿಫಿಕೇಟ್ ಸಿಕ್ಕರೆ ಕೆಲಸ ಅರ್ಧ ಆಯಿತು. ಅದರಲ್ಲಿ ಐಎನ್‌ಎಸ್ ಎಂದು ಕಂಡದ್ದೆಲ್ಲ ಹಡಗಲ್ಲ, ನೌಕಾಪಡೆಯ ದಡದ ಮೇಲಿನ ತರಬೇತಿ ಕೇಂದ್ರಗಳಿಗೂ ಹಡಗಿನಂತೆಯೇ ಆ ಹೆಸರಿಡುತ್ತಾರೆ. ಐಎನ್‌ಎಸ್ ಶಿವಾಜಿ ಇರುವುದು ಲೋಣಾವಳದ ಬೆಟ್ಟದ ಮೇಲೆ, ಅಲ್ಲಿ ಕಲಿಸುವುದು ಎಂಜಿನ್ ಕೆಲಸ. ಜಾಮ್‌ನಗರದ ವಲ್ಸುರಾ ವಿದ್ಯುತ್ ವಿಭಾಗದ್ದು. ಮುಂಬೈಯ ಹಮ್ಲಾದಲ್ಲಿ ಅಡುಗೆಯವರು, ಸ್ಟುವರ್ಡ್‌ಗಳು, ರೈಟರ್‌ಗಳು ಅಂದರೆ ಗುಮಾಸ್ತರು ತಯಾರಾಗುತ್ತಿದ್ದರು. ಎಲ್ಲಿ ತರಬೇತಿ ಎಂದು ತಿಳಿದರೆ ಹಡಗಿನೊಳಗೆ ಅವರ ಜಾಗ ಯಾವುದೆಂದು ತಿಳಿಯುತ್ತದೆ.

ಬರವಣಿಗೆ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ. ಎಲ್ಲರಿಗೂ ಅಜ್ಜ ಕರಾಚಿ ಉರಿಯುವುದನ್ನು ಕಣ್ಣಾರೆ ಕಂಡಿರಬೇಕು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಹೋದದ್ದು ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು, ಜೊತೆಗೆ ಕಿಲ್ತಾನ್ ಮತ್ತು ಕಚ್ಚಲ್ ಎಂಬ ಬೆಂಗಾವಲು ಹಡಗುಗಳು. ಒಂದೊಂದು ದೋಣಿಯಲ್ಲಿದ್ದದ್ದು ಸುಮಾರು 30 ಜನ. ಕರಾಚಿ ಬಂದರಿನ ಕೆಮಾರಿಯ ತೈಲದ ಟ್ಯಾಂಕುಗಳಿಗೆ ಬೆಂಕಿ ಬಿದ್ದ 8ರ ರಾತ್ರಿ ಹೋದದ್ದು ವಿನಾಶ್ ದೋಣಿ, ಜೊತೆಗೆ ತ್ರಿಶೂಲ್, ತಲ್ವಾರ್. ಪಶ್ಚಿಮ ನೌಕಾಪಡೆಯ ಪತಾಕೆ ಹಡಗು, ಅಂದರೆ ಅದರ ಮುಖ್ಯಾಧಿಕಾರಿ ಇದ್ದ ಹಡಗು, ಐಎನ್‌ಎಸ್ ಮೈಸೂರು. ವಿಮಾನವಾಹಕ ಹಡಗು ವಿಕ್ರಾಂತ್ ಇದ್ದದ್ದು ಪೂರ್ವದಲ್ಲಿ, ಅದರ ವಿಮಾನಗಳು ಹೋದದ್ದು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ. ಅಜ್ಜ ವಿಕ್ರಾಂತ್‌ನಲ್ಲಿದ್ದರೆಂದು ಬರೆದು, ಮುಂದಿನ ಸಾಲಿನಲ್ಲೇ ಕರಾಚಿಗೆ ಕಳಿಸಿದರೆ ಬಲ್ಲವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ.

ಅವರು ಎಂಜಿನ್ ವಿಭಾಗದವರಾಗಿದ್ದರೆ ಯುದ್ಧವನ್ನು ನೋಡಿರುವ ಸಾಧ್ಯತೆಯೇ ಕಡಿಮೆ. ಹಬೆಯ ಹಡಗಿನ ಬಾಯ್ಲರ್ ಕೋಣೆ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಕದನದ ಕರೆಗಂಟೆ ಬಾರಿಸಿತೆಂದರೆ ಮೇಲಿನ ಮುಚ್ಚಳಗಳನ್ನೆಲ್ಲ ಬಿಗಿದುಬಿಡುತ್ತಾರೆ, ಒಂದು ಕಡೆ ನೀರು ನುಗ್ಗಿದರೆ ಇನ್ನೊಂದು ಕಡೆಗೆ ಹರಿಯಬಾರದು ಎಂದು. ಒಳಗಿದ್ದವರಿಗೆ ಗೊತ್ತಾಗುತ್ತಿದ್ದದ್ದು ವೇಗ ಹೆಚ್ಚಿಸು, ತಗ್ಗಿಸು ಎನ್ನುವ ಆದೇಶ, ಒತ್ತಡದ ಮುಳ್ಳು, ಸೆಕೆ, ಸದ್ದು. ಇನ್ನೊಂದು ಮಾತು: 1971ರ ‘ಸ್ಟೋಕರ್’, ಅಂದರೆ ಬಾಯ್ಲರ್ ನೋಡಿಕೊಳ್ಳುವವನು, ಕಲ್ಲಿದ್ದಲು ಎರಚುತ್ತಿರಲಿಲ್ಲ, ಉರಿಯುತ್ತಿದ್ದದ್ದು ಫರ್ನೇಸ್ ಆಯಿಲ್. ಕಾವಲು ನಾಲ್ಕು ನಾಲ್ಕು ತಾಸಿನದು, ಸಂಜೆ 4ರಿಂದ 8ರದ್ದನ್ನು ಮಾತ್ರ ಎರಡೆರಡು ತಾಸಿಗೆ ಒಡೆಯುತ್ತಿದ್ದರು, ದಿನವೂ ಒಬ್ಬನಿಗೇ ಒಂದೇ ಪಾಳಿ ಬೀಳದಿರಲಿ ಎಂದು. ನಡುರಾತ್ರಿ ಎದ್ದು ಕೂರುವ ಅಭ್ಯಾಸ ಅಜ್ಜನಿಗಿತ್ತೇ, ಕಿವಿ ಬೇಗ ಮಂದವಾಯಿತೇ ಎಂದು ಅಜ್ಜಿಯನ್ನು ಕೇಳಿ ನೋಡಿ.

ಅಜ್ಜಿಯ ಟ್ರಂಕಿನಲ್ಲಿ ಮನಿ ಆರ್ಡರ್ ಕೂಪನ್, ಇನ್‌ಲ್ಯಾಂಡ್ ಪತ್ರ ಇದ್ದರೆ ಅದು ನಿಧಿ. ಕಳಿಸಿದವರ ವಿಳಾಸದಲ್ಲಿ ಹಡಗಿನ ಹೆಸರು, ಕೆಳಗೆ ‘ಫ್ಲೀಟ್ ಮೇಲ್ ಆಫೀಸ್’ (ನೌಕಾಪಡೆಯ ಅಂಚೆ ಕಚೇರಿ) ಎಂದಿರುತ್ತದೆ. ಮುದ್ರೆ ಮಾಸಿದ್ದರೂ ಒಂದು ಉಪಾಯವಿದೆ: ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ವಿಳಾಸದಲ್ಲಿ ಆರಂಕಿ ಇದ್ದರೆ ಪತ್ರ ಯುದ್ಧದ ನಂತರದ್ದು.

ನಾವಿಕರ ಸೇವಾ ಕಡತ ನೋಡಿಕೊಳ್ಳುವುದು ಮುಂಬೈ ಮಾನ್‌ಖುರ್ದ್‌ನ ಚೀತಾ ಕ್ಯಾಂಪ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್. ಅರ್ಜಿಯಲ್ಲಿ ಸೇವಾ ಸಂಖ್ಯೆ, ಹೆಸರು, ಹುದ್ದೆ, ಸೇರಿದ ಮತ್ತು ಬಿಟ್ಟ ವರ್ಷ ಬರೆದು, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಲಗತ್ತಿಸಿ. ‘ಅಜ್ಜನ ಎಲ್ಲ ಮಾಹಿತಿ ಕೊಡಿ’ ಎಂದು ಕೇಳಬೇಡಿ. ಯಾವ ಹಡಗಿನಲ್ಲಿ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಪದಕಗಳು ಮಂಜೂರಾಗಿವೆ, ಇಷ್ಟು ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅದನ್ನೇ ಕೇಳಬಹುದು. ಸೇವಾ ಸಂಖ್ಯೆಯೇ ಗೊತ್ತಿಲ್ಲದಿದ್ದರೆ ಮೊದಲು ನಿಮ್ಮ ಭಾಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ, ಮಾಜಿ ಸೈನಿಕರೆಂದು ನೋಂದಾಯಿಸಿದ್ದರೆ ಅಲ್ಲಿ ಸಿಗುತ್ತದೆ. ಹೆಸರಿನ ವ್ಯತ್ಯಾಸಕ್ಕೆ ತಯಾರಿರಿ. ಪಹಣಿಯಲ್ಲಿ ‘ಹನುಮಪ್ಪ ಬಿನ್ ಭೀಮಪ್ಪ’ ಆದವರು ನೌಕಾಪಡೆಯಲ್ಲಿ ‘ಬಿ. ಹನುಮಂತ’ ಆಗಿರಬಹುದು. ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಬಹುಮಟ್ಟಿಗೆ ಶಾಲೆಯ ಮೇಷ್ಟ್ರು ಬರೆದುಕೊಂಡದ್ದು.

ಇನ್ನು ಹೊಲ. ಕಂಪ್ಯೂಟರ್ ಪಹಣಿ ಇತ್ತೀಚಿನದು, ನಿಮಗೆ ಬೇಕಾದ್ದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಕೈಬರಹದ್ದು. ಸರ್ವೆ ನಂಬರ್ ಕೊಟ್ಟು ಅವರು ನೌಕಾಪಡೆಯಲ್ಲಿದ್ದ ವರ್ಷಗಳದ್ದನ್ನೂ ಮರಳಿದ ಮೇಲಿನ ಹತ್ತು ವರ್ಷದ್ದನ್ನೂ ತೆಗೆಸಿ. 9ನೇ ಕಾಲಂನಲ್ಲಿ ಮಾಲೀಕರು, 10ರಲ್ಲಿ ಜಮೀನು ಬಂದ ಬಗೆ ಮತ್ತು ಮ್ಯುಟೇಶನ್ ನಂಬರ್, 12ರಲ್ಲಿ ಸಾಗುವಳಿ ಮಾಡಿದವರು ಮತ್ತು ಬೆಳೆ. 12ನೇ ಕಾಲಂನಲ್ಲಿ ಹೆಸರು ಯಾವ ವರ್ಷ ಬದಲಾಯಿತು ಎನ್ನುವುದೇ ಅಜ್ಜ ನೇಗಿಲು ಹಿಡಿದ ವರ್ಷಕ್ಕೆ ಒಳ್ಳೆಯ ಸುಳಿವು. ಬೆಳೆಯ ಹೆಸರನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ, ಹೊಲಕ್ಕೆ ಹೋಗದೆ ಕಳೆದ ವರ್ಷದ್ದನ್ನೇ ಇಳಿಸಿಕೊಂಡ ಪುಟಗಳು ಬೇಕಾದಷ್ಟಿವೆ. ಸೊಸೈಟಿಯ ಸಾಲದ ಲೆಡ್ಜರ್ ಜೊತೆ ತಾಳೆ ನೋಡಿ. ದರಖಾಸ್ತಿನಲ್ಲಿ, ಅಂದರೆ ಅರ್ಜಿ ಹಾಕಿ ಪಡೆಯುವ ಸರ್ಕಾರಿ ಜಮೀನಿನಲ್ಲಿ, ಮಾಜಿ ಸೈನಿಕರೆಂದು ಜಮೀನು ಮಂಜೂರಾಗಿದ್ದರೆ ಆ ಕಡತದಲ್ಲಿ ಬಿಡುಗಡೆ ಪತ್ರದ ನಕಲೂ ಇರಬಹುದು.

ಬಹಳ ಜನ ಹುಡುಕದೆ ಬಿಡುವ ಕಡತ ಇನ್ನೊಂದಿದೆ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿ, ಗೇಣಿದಾರರು ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರಲ್ಲ, ಆಗ ಸೈನಿಕರ ಜಮೀನಿಗೆ ವಿನಾಯಿತಿಯಿತ್ತು. ಭೂ ಸುಧಾರಣಾ ಕಾಯ್ದೆಯ 5ನೇ ಕಲಮಿನ ಪ್ರಕಾರ ಸೇವೆಯಲ್ಲಿದ್ದ ಸೈನಿಕ ಜಮೀನನ್ನು ಗೇಣಿಗೆ ಕೊಡಬಹುದಿತ್ತು, 15ನೇ ಕಲಮಿನ ಪ್ರಕಾರ ಮರಳಿ ಪಡೆಯಬಹುದಿತ್ತು. ಕಾಯ್ದೆಯಲ್ಲಿ ‘ಸೈನಿಕ’ ಎಂದರೆ ಸಶಸ್ತ್ರ ಪಡೆಗಳಲ್ಲಿರುವವನು, ನೌಕಾಪಡೆಯವರೂ ಅದರಲ್ಲೇ ಬರುತ್ತಾರೆ. ಅಲ್ಲಿನ ‘ನಾವಿಕ’ ವ್ಯಾಪಾರಿ ಹಡಗಿನವನು. ಅಜ್ಜನ ಜಮೀನನ್ನು ಬೇರೆಯವರು ಉಳುತ್ತಿದ್ದು ಅವರು ನಮೂನೆ 7 ಹಾಕಿದ್ದರೆ, ತಾನು ಯಾವಾಗ ಸೇರಿದೆ, ಯಾವಾಗ ಬಿಟ್ಟೆ, ಆ ವರ್ಷಗಳಲ್ಲಿ ಹೊಲ ಯಾರ ಕೈಯಲ್ಲಿತ್ತು ಎಂದು ಅಜ್ಜನೇ ಕೊಟ್ಟ ಹೇಳಿಕೆ ಆ ಕಡತದಲ್ಲಿರಬಹುದು, ಕೆಳಗೆ ಅವರ ಸಹಿಯೊಂದಿಗೆ. ಅರ್ಜಿ ಹಾಕಲು ಕೊನೆಯ ಅವಕಾಶ ಇದ್ದದ್ದು 1979ರ ಜೂನ್ 30ರವರೆಗೆ, ವಿಚಾರಣೆಗಳು ಎಂಬತ್ತರ ದಶಕಕ್ಕೂ ಎಳೆದವು. ಹುಡುಕುವಾಗ ಆ ವರ್ಷಗಳ ರಿಜಿಸ್ಟರನ್ನೂ ತೆಗೆಸಿ. ಅಜ್ಜನ ಹೆಸರಿನಲ್ಲಿ ಸಿಗದಿದ್ದರೆ ಗೇಣಿದಾರರ ಹೆಸರಿನಲ್ಲಿ ನೋಡಿ, ಅರ್ಜಿದಾರರು ಅವರೇ ಆದ್ದರಿಂದ ಕಡತ ದಾಖಲಾಗಿರುವುದು ಅವರ ಹೆಸರಿಗೇ.